ಬುಗುರಿಸಾರಸ್‌ನ ಹಲ್ಲು

"ಇದು ಹೊಸದಲ್ಲ," ಎಂದಳು ಚಿಕ್ಕಮ್ಮ, ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ.

ತಿರುಗುವ ಸ್ಟೂಲಿನ ಮೇಲೆ ಗರಗರ ಸುತ್ತುತ್ತಿದ್ದ ಬುಗುರಿ ಕಾಲೂರಿ ನಿಲ್ಲಿಸಿದಳು. ಹಾಜರಿ ಪುಸ್ತಕದಲ್ಲಿ ಅವಳಿಗೆ ಬೇರೆ ಹೆಸರಿತ್ತು. ಆದರೆ ನಿಂತಲ್ಲಿ ನಿಲ್ಲದ ಹುಡುಗಿಯನ್ನು ಮನೆಯಲ್ಲೂ ಶಾಲೆಯಲ್ಲೂ ಎಲ್ಲರೂ ಬುಗುರಿ ಎಂದೇ ಕರೆಯುತ್ತಿದ್ದರು.

"ಅದು ನನಗೂ ಗೊತ್ತು. ಕೋಟಿಗಟ್ಟಲೆ ವರ್ಷ ಹಳೇದು."

"ಅದಲ್ವೇ. ಹೊಸ ಜಾತಿ ಅಲ್ಲ ಅಂದೆ."

ಮೇಜಿನ ಮೇಲಿನ ಟ್ರೇಯಲ್ಲಿ ಗೇಣುದ್ದದ ದವಡೆಯೊಂದಿತ್ತು. ಚಿಕ್ಕಮ್ಮನಿಗೆ ಮ್ಯೂಸಿಯಮ್ಮಿನಲ್ಲಿ ಕೆಲಸ. ಕಲ್ಲಾಗಿ ಹೋದ ದವಡೆ, ಹಲ್ಲು ನೋಡಿ ಅದು ಯಾವ ಡೈನೋಸಾರಿನದು ಎಂದು ಅವಳು ಹೇಳಬೇಕು. ಅದೂ ಸೊಪ್ಪು ತಿನ್ನುವ ಡೈನೋಸಾರುಗಳು ಮಾತ್ರ. ಮಾಂಸ ತಿನ್ನುವವು ಪಕ್ಕದ ರೂಮಿನವರ ಪಾಲಿಗೆ. ಎರಡೂ ರೂಮಿನವರಿಗೆ ಅಷ್ಟಕ್ಕಷ್ಟೆ.

ಈ ದವಡೆ ಯಾವುದಕ್ಕೂ ಹೊಂದಿರಲಿಲ್ಲ. ಇದು ಸಿಕ್ಕ ಜಾಗದಲ್ಲೇ ಸಿಕ್ಕ ಬೇರೆ ದವಡೆಗಳಲ್ಲಿ ಹಲ್ಲು ಕೂರುವ ಗುಳಿ ಮೂವತ್ತಿದ್ದರೆ, ಇದರಲ್ಲಿ ಹದಿನಾರೇ. "ಹೊಸ ಜಾತಿ ಆದ್ರೆ ನಿನ್ನ ಹೆಸರೇ ಇಡೋಣ," ಎಂದು ಚಿಕ್ಕಮ್ಮ ಒಮ್ಮೆ ಬಾಯಿ ತಪ್ಪಿ ಅಂದಿದ್ದಳು. ಬುಗುರಿಯ ಕಿವಿಗೆ "ಆದ್ರೆ" ಅನ್ನುವ ಪದ ಬಿದ್ದಿರಲಿಲ್ಲ. ಮಾರನೇ ದಿನವೇ ಅವಳು ಕ್ಲಾಸಿಗೆಲ್ಲ ಡಂಗುರ ಸಾರಿದ್ದಳು. ಡೈನೋಸಾರಿನ ಹೆಸರು ಬುಗುರಿಸಾರಸ್.

"ಸೋಮವಾರ ಅದರ ಬಗ್ಗೆ ಕ್ಲಾಸಿನ ಮುಂದೆ ಮಾತಾಡು," ಎಂದಿದ್ದರು ಸೈನ್ಸ್ ಮಿಸ್. ಇವತ್ತು ಶನಿವಾರ.

"ಹದಿನಾರು ಹಲ್ಲು ಅಂತ ನೀನೇ ಎಣಿಸಿದ್ದೆ, ಚಿಕ್ಕಮ್ಮ."

"ನೀನು ಹುಟ್ಟಿದಾಗ ನಿನಗೆಷ್ಟು ಹಲ್ಲಿತ್ತು?"

"ಒಂದೂ ಇರಲಿಲ್ಲ."

"ಆಗ ನೀನು ಬೇರೆ ಜಾತಿಯಾಗಿದ್ಯಾ?"

ಬುಗುರಿ ಯೋಚಿಸಿದಳು. ಅಣ್ಣನನ್ನು ಕೇಳಿದ್ದರೆ ಹೌದು ಎನ್ನುತ್ತಿದ್ದ.

"ಬಾ, ನೋಡು."

ಮೈಕ್ರೋಸ್ಕೋಪಿನಲ್ಲಿ ಹಲ್ಲು ಪುಟ್ಟ ಎಲೆಯ ಹಾಗೆ ಕಂಡಿತು. ನಡುವೆ ಉಬ್ಬಿದ ಗೆರೆಯಂಥ ಒಂದು ಏಣು, ಅಂಚಿಗೆಲ್ಲ ಗರಗಸದಂಥ ಮೊನೆಗಳು. ಚಿಕ್ಕಮ್ಮ ಅದನ್ನು ತೆಗೆದು, ಬೇರೊಂದು ದವಡೆಯ ದೊಡ್ಡ ಹಲ್ಲನ್ನು ಇಟ್ಟಳು. ಅದೇ ಏಣು, ಅದೇ ಗರಗಸ.

"ಮೂಳೆ ನೋಡು, ಸ್ಪಂಜಿನ ಹಾಗೆ ತೂತು ತೂತು. ಇನ್ನೂ ಬೆಳೀತಾ ಇತ್ತು. ದವಡೆ ಉದ್ದವಾದ ಹಾಗೆ ಹಲ್ಲೂ ಜಾಸ್ತಿ ಆಗ್ತಿತ್ತು. ಇದು ಅದೇ ಜಾತಿಯ ಮರಿ."

"ಸೋಮವಾರ ಸಂಜೆ ತನಕ ಯಾರಿಗೂ ಹೇಳಬೇಡ, ಪ್ಲೀಸ್."

"ಆಮೇಲೆ?"

"ಆಮೇಲೆ ಹೇಳು. ಅಷ್ಟೊತ್ತಿಗೆ ನನ್ನ ಭಾಷಣ ಮುಗಿದಿರುತ್ತೆ."

ಚಿಕ್ಕಮ್ಮ ಫೋನು ತೆಗೆದುಕೊಂಡು ಮ್ಯೂಸಿಯಮ್ಮಿನ ಮುಖ್ಯಸ್ಥರಿಗೆ ಕರೆ ಮಾಡಿದಳು.

"ಸರ್, ಆ ದವಡೆ ಹೊಸ ಜಾತಿ ಅಂದಿದ್ನಲ್ಲ, ತಪ್ಪು. ಮರಿ ಅದು... ಹೌದು ಸರ್, ಎರಡು ವರ್ಷದ ಕೆಲಸ... ಹೌದು, ಮೀಟಿಂಗಲ್ಲಿ ಎಲ್ಲರ ಮುಂದೆ ನಾನೇ ಹೇಳಿದ್ದೆ. ಇದನ್ನೂ ಎಲ್ಲರ ಮುಂದೆ ನಾನೇ ಹೇಳ್ತೀನಿ."

ಪಕ್ಕದ ರೂಮಿನಲ್ಲಿ ಯಾರೋ ನಕ್ಕರು. ಬೇರೆ ಯಾವುದಕ್ಕೋ ಇರಬಹುದು. ಚಿಕ್ಕಮ್ಮ ನೀರಿನ ಬಾಟಲಿ ಎತ್ತಿ ಗಟಗಟ ಕುಡಿದಳು. ಬಾಟಲಿ ಖಾಲಿಯಾಯಿತು. ಆದರೂ ಇನ್ನಷ್ಟು ಹೊತ್ತು ಅದನ್ನು ಬಾಯಿಂದ ಇಳಿಸಲಿಲ್ಲ. ಆಮೇಲೆ ಮತ್ತೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು.

ಬುಗುರಿ ಸ್ಟೂಲಿನ ಮೇಲೆ ಕೂತಳು. ಸುತ್ತಲಿಲ್ಲ.

ಸೋಮವಾರ ಅವಳು ಬೋರ್ಡಿನ ಮುಂದೆ ನಿಂತು, "ಬುಗುರಿಸಾರಸ್ ಅಂತ ಯಾವುದೂ ಇಲ್ಲ," ಎಂದಳು. "ಅದು ಹೊಸ ಜಾತಿ ಅಲ್ಲ. ಹಳೇ ಜಾತಿಯ ಮರಿ."

"ಬರೀ ರೀಲು!" ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಇಡೀ ಕ್ಲಾಸು ಗೊಳ್ಳೆಂದಿತು. ಬುಗುರಿಯ ಕಿವಿ ಕಾದ ಹೆಂಚಾಯಿತು. ಮಿಸ್ ಮೇಜು ಕುಟ್ಟಿದರು.

ಡೌಟಪ್ಪ ಕೈ ಎತ್ತಿದ. ಅವನು ಎಲ್ಲ ಪೀರಿಯಡ್ಡಿನಲ್ಲೂ ಕೈ ಎತ್ತುತ್ತಿದ್ದ, ಪಿ.ಟಿ.ಯಲ್ಲೂ.

"ಮಿಸ್, ಡೌಟು. ಅದು ಮರಿ ಅಂತ ಹೇಗೆ ಗೊತ್ತು? ಕುಳ್ಳ ಡೈನೋಸಾರೂ ಇರಬಹುದಲ್ವಾ?"

ನಗು ನಿಂತಿತು. ಹೌದಲ್ಲ, ಇರಬಹುದಲ್ಲ!

ಬುಗುರಿ ಚಾಕ್‌ಪೀಸ್ ತೆಗೆದುಕೊಂಡಳು. ಒಂದು ದೊಡ್ಡ ಹಲ್ಲು, ಒಂದು ಚಿಕ್ಕ ಹಲ್ಲು ಬರೆದಳು. ಎರಡಕ್ಕೂ ನಡುವೆ ಏಣು, ಅಂಚಿಗೆ ಗರಗಸ. ಸ್ಪಂಜಿನಂಥ ಮೂಳೆಗೆ ಚುಕ್ಕಿ ಹಾಕುತ್ತಾ, "ಮೂಳೆ ಹೀಗೆ ತೂತು ತೂತು ಇದ್ರೆ ಇನ್ನೂ ಬೆಳೀತಾ ಇತ್ತು ಅಂತ," ಎಂದಳು. ಡೌಟಪ್ಪ ಎದ್ದು ಬಂದು ಹತ್ತಿರದಿಂದ ನೋಡಿದ.

"ಸರಿ," ಎಂದ. ಅವನು ಹಾಗೆಂದಿದ್ದನ್ನು ಕ್ಲಾಸು ಯಾವತ್ತೂ ಕೇಳಿರಲಿಲ್ಲ.

ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ ಕೇಳಿದಳು: "ಪಾಪ, ಅದರ ಅಮ್ಮ ಎಲ್ಲಿತ್ತು ಆಗ?"

"ಗೊತ್ತಿಲ್ಲ," ಎಂದಳು ಬುಗುರಿ. ಅದಕ್ಕೊಬ್ಬ ಅಮ್ಮ ಇದ್ದಿರಬೇಕು ಎಂಬುದು ಅವಳಿಗೆ ಇಷ್ಟು ದಿನ ಹೊಳೆದೇ ಇರಲಿಲ್ಲ. ಹೆಸರಿನ ಗಡಿಬಿಡಿಯಲ್ಲಿ ಅದೆಲ್ಲ ಯಾರಿಗೆ ನೆನಪಿರುತ್ತೆ?

ಸಂಜೆ ಮ್ಯೂಸಿಯಮ್ಮಿಗೆ ಹೋದಾಗ ಚಿಕ್ಕಮ್ಮ ಅಗಲವಾದ ಡ್ರಾಯರೊಂದನ್ನು ಎಳೆಯುತ್ತಿದ್ದಳು. ಒಳಗೆ ಮೊಳದುದ್ದದ ದೊಡ್ಡ ದವಡೆಗಳು, ಒಂದೊಂದೂ ಒಂದೊಂದು ಟ್ರೇಯಲ್ಲಿ.

"ಭಾಷಣ ಏನಾಯ್ತು?"

"ನಕ್ಕರು. ನಿನ್ನ ಮೀಟಿಂಗು?"

"ನಕ್ಕರು," ಎಂದಳು ಚಿಕ್ಕಮ್ಮ. "ಆಮೇಲೆ ತುಂಬಾ ಪ್ರಶ್ನೆ ಕೇಳಿದರು. ಸರಿ, ಮರಿಯನ್ನ ಆ ಕೊನೇಲಿ ಇಡು. ಜಾಗ ಇದೆ."

ಬುಗುರಿ ಕೊನೆಯಲ್ಲಿ ಇಡಲಿಲ್ಲ. ದೊಡ್ಡ ಟ್ರೇಗಳನ್ನು ಅಲುಗಾಡದಂತೆ, ಒಂದೊಂದಾಗಿ ಆಚೀಚೆ ಸರಿಸಿದಳು. ಅಷ್ಟು ನಿಧಾನವಾಗಿ ಅವಳು ಯಾವ ಕೆಲಸವನ್ನೂ ಮಾಡಿದ್ದಿಲ್ಲ. ನಡುವೆ ಒಂದು ಗೇಣು ಜಾಗವಾಯಿತು.

"ಇಲ್ಲಿರಲಿ," ಎಂದಳು.

ಚಿಕ್ಕಮ್ಮ ಪುಟ್ಟ ದವಡೆಯನ್ನು ಅವಳ ಎರಡೂ ಕೈಗಳಿಗೆ ಕೊಟ್ಟಳು.