ಬೇಲಿ ಮುರಿದು ಬಂದವನು

"ಏ ಕಪ್ಪೀ! ಓಡೇ! ಓಡೇ ಅಂದ್ರೆ!"

ಹಸು ಕಿವಿ ಅಲ್ಲಾಡಿಸಿತೇ ಹೊರತು ನಿಂತಲ್ಲಿಂದ ಕದಲಲಿಲ್ಲ. ಮೇಲಿನಿಂದ ಬಿಳಿಯ ಪುಟ್ಟ ವಿಮಾನವೊಂದು ಇಂಜಿನ್ನಿನ ಸದ್ದೇ ಇಲ್ಲದೆ ನೇರವಾಗಿ ಅವರ ಹುಲ್ಲುಗಾವಲಿಗೇ ಇಳಿದು ಬರುತ್ತಿತ್ತು. ಮೂತಿಯ ಮೇಲಿನ ಫ್ಯಾನು ಸೋತವರ ಹಾಗೆ ನಿಧಾನವಾಗಿ ತಿರುಗುತ್ತಿತ್ತು.

ಹಸು ಮೇಯಿಸುತ್ತಿದ್ದ ಹುಡುಗಿ ಹಗ್ಗ ಹಿಡಿದು ಮೈಯ ಬಲವೆಲ್ಲ ಹಾಕಿ ಎಳೆದಳು. ಕಪ್ಪಿ ಕೊನೆಗೂ ಕಾಲು ಕಿತ್ತಿತು. ಅದೇ ಹೊತ್ತಿಗೆ ವಿಮಾನದ ಚಕ್ರ ತಗುಲಿ ರಸ್ತೆ ಬದಿಯ ಬೇಲಿಯ ಎರಡು ಕಂಬ ಉರುಳಿದವು. ವಿಮಾನ ನೆಲ ಮುಟ್ಟಿ, ಒಮ್ಮೆ ಎಗರಿ, ಮತ್ತೆ ಮುಟ್ಟಿ, ಕುಲುಕುತ್ತಾ ಓಡಿ ಒಣಹುಲ್ಲಿನ ಬಣವೆಯ ಪಕ್ಕಕ್ಕೆ ಬಂದು ನಿಂತಿತು.

ಅವಳ ಭಯವೆಲ್ಲ ಕ್ಷಣದಲ್ಲಿ ಸಿಟ್ಟಾಯಿತು. ನಾಲಿಗೆಯ ತುದಿಯಲ್ಲಿ ಬೈಗುಳಗಳನ್ನು ಸಾಲಾಗಿ ಜೋಡಿಸಿಕೊಂಡೇ ಓಡಿದಳು.

ಬಾಗಿಲು ತೆರೆದು ಪೈಲಟ್ ಇಳಿದ. ಮುಖ ಬಿಳಿಚಿಕೊಂಡಿತ್ತು.

"ಹಸುಗೆ... ಹಸುಗೆ ಏನೂ ಆಗಿಲ್ಲ ತಾನೆ?"

ಜೋಡಿಸಿಟ್ಟ ಬೈಗುಳವೆಲ್ಲ ಚೆಲ್ಲಾಪಿಲ್ಲಿ!

"ಹಸು ಮಾತ್ರ ಕಾಣ್ತಾ ನಿಮಗೆ? ನಾನು ಕಣ್ಣಿಗೆ ಬೀಳಲಿಲ್ವಾ?"

"ಅಯ್ಯೋ, ನೀವು ಬೀಳದೇ ಇರ್ತೀರಾ..." ಅವನು ತಟ್ಟನೆ ತುಟಿ ಕಚ್ಚಿಕೊಂಡ. "ಕ್ಷಮಿಸಿ. ಇಂಜಿನ್ ನಿಂತು ಹೋಯ್ತು."

ಅಷ್ಟರಲ್ಲಿ ಅವಳ ಕಣ್ಣಿಗೆ ಬಿದ್ದದ್ದು ವಿಮಾನದ ಮೂತಿಯ ಕೆಳಗಿನಿಂದ ತೊಟ್ಟಿಕ್ಕುತ್ತಿದ್ದ ಹನಿಗಳು. ಪೆಟ್ರೋಲೇ? ಪಕ್ಕದಲ್ಲಿ ಇಡೀ ವರ್ಷದ ಹುಲ್ಲಿದೆ! ಅವಳು ಬಗ್ಗಿ ಕೈಯೊಡ್ಡಿದಳು. ಮಣಿಕಟ್ಟಿನ ಮೇಲೆ ಹನಿ ಬಿದ್ದದ್ದೇ ಮೈ ಜುಮ್ಮೆಂದಿತು. ಮೂಸಿ ನೋಡಿದಳು. ವಾಸನೆಯಿಲ್ಲ, ಬರೀ ನೀರು. ಸದ್ಯ! ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಅಲ್ಲಿಗೆ ಅದನ್ನು ಮರೆತೂ ಬಿಟ್ಟಳು.

ಕೊಟ್ಟಿಗೆಯ ಬಾಗಿಲಲ್ಲಿ ಅವಳ ಸೋದರತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅಪ್ಪ ಅಮ್ಮ ಇಲ್ಲದ ಹುಡುಗಿಯನ್ನು ಸಾಕಿದವಳು. ಎಂಥ ಹೊತ್ತಿನಲ್ಲೂ ಒಂದು ಚಟಾಕಿ ಹಾರಿಸದೆ ಬಿಡುವವಳಲ್ಲ.

"ಆಕಾಶಕ್ಕೆ ಏಣಿ ಹಾಕೋರನ್ನ ಬೇಕಾದಷ್ಟು ನೋಡಿದೀನಿ. ಆಕಾಶದಿಂದ ನಮ್ಮ ಕೊಟ್ಟಿಗೆಗೆ ಇಳಿದೋನನ್ನ ಇವತ್ತೇ ನೋಡಿದ್ದು ಕಣೇ!"

* * *

ಗುಡ್ಡದಾಚೆಯ ಹಾರಾಟದ ಶಾಲೆಯಿಂದ ಮೆಕ್ಯಾನಿಕ್ ಬಂದು, ಎಲ್ಲ ಬಿಚ್ಚಿ ನೋಡಿ, ಇಂಜಿನ್ ಚಾಲೂ ಮಾಡಿದ. ಒಂದೇ ಸಲಕ್ಕೆ ಗುರ್ರೆಂದಿತು! ಮೆಕ್ಯಾನಿಕ್ ಪೈಲಟ್‌ನ ಮುಖ ನೋಡಿದ. ಪೈಲಟ್ ನೆಲ ನೋಡಿದ. ವಿಮಾನ ಸಂಜೆಗೆ ಟ್ರೇಲರ್ ಹತ್ತಿ ಹೋಯಿತು.

ಮರುದಿನ ಪೈಲಟ್ ಒಬ್ಬನೇ ಬಂದ, ಕೈಯಲ್ಲಿ ಸುತ್ತಿಗೆ ಹಿಡಿದು.

"ಬೇಲಿ ಮುರಿದೋನು ನಾನು. ಕಟ್ಟೋನೂ ನಾನೇ."

ಸುತ್ತಿಗೆ ಹಿಡಿಯಲು ಅವನಿಗೆ ಬರುತ್ತಿರಲಿಲ್ಲ. ಮೊಳೆಗಿಂತ ಹೆಚ್ಚು ಏಟು ಹೆಬ್ಬೆರಳಿಗೇ ಬಿತ್ತು. ವಾರ ಕಳೆದರೂ ಒಂದೇ ಕಂಬ ನಿಂತಿತ್ತು.

"ಎರಡು ಕಂಬ ನೆಡೋಕೆ ಇಷ್ಟು ದಿನ ಬೇಕೇನಪ್ಪಾ, ಆಕಾಶರಾಯ?" ಅತ್ತೆ ಕೆಣಕಿದಳು.

"ಗಟ್ಟಿಯಾಗಿ ನಿಲ್ಲಬೇಕಲ್ಲಮ್ಮ!"

ಅತ್ತೆ ಹುಡುಗಿಯತ್ತ ನೋಡಿ ಕಣ್ಣು ಮಿಟುಕಿಸಿದಳು. ಅವಳು ಹಾಲಿನ ಕ್ಯಾನು ತೊಳೆಯುವ ನೆಪದಲ್ಲಿ ಮುಖ ತಿರುಗಿಸಿಕೊಂಡಳು. ಆದರೆ ಸುತ್ತಿಗೆಯ ಸದ್ದು ನಿಂತರೆ ಸಾಕು, ಕಣ್ಣು ತಾನಾಗಿಯೇ ಬೇಲಿಯ ಕಡೆ ಹೋಗುತ್ತಿತ್ತು.

"ಭಯ ಆಗಲಿಲ್ವಾ ಆವತ್ತು?" ಎಂದು ಒಂದು ಸಂಜೆ ಕೇಳಿದಳು.

"ಆಯ್ತು. ಆದ್ರೆ ನಮಗೊಂದು ಅಭ್ಯಾಸ ಇದೆ. ಹಾರ್ತಾ ಇರೋವಾಗೆಲ್ಲ, ಈಗ ಇಂಜಿನ್ ನಿಂತ್ರೆ ಎಲ್ಲಿ ಇಳೀಲಿ ಅಂತ ಒಂದು ಜಾಗ ನೋಡಿಟ್ಕೊಂಡೇ ಇರ್ತೀವಿ."

"ಅಂದ್ರೆ ನಮ್ಮ ಹುಲ್ಲುಗಾವಲು ಮೊದಲೇ ನೋಡಿಟ್ಟಿದ್ರಾ?"

"ಬಹಳ ದಿನದಿಂದ..."

ಅವನ ದನಿ ಮೆತ್ತಗಾಯಿತು. ಅವಳ ಕೆನ್ನೆ ಬಿಸಿಯಾಯಿತು. ಹಿಂದೊಮ್ಮೆ ಮದುವೆ ಗೊತ್ತಾಗಿದ್ದವನು ಸುಳ್ಳಿನ ಮೇಲೆ ಸುಳ್ಳು ಪೋಣಿಸಿ ಕೈಕೊಟ್ಟ ಮೇಲೆ, ಯಾರ ಮಾತಿಗೂ ಹೀಗೆ ಕರಗಿದವಳಲ್ಲ ಅವಳು. 'ಬೇಡ ಮನಸೇ, ನಿಧಾನ...' ಎಂದುಕೊಂಡಳು. ಮನಸ್ಸು ಕೇಳಬೇಕಲ್ಲ!

* * *

ಮರುದಿನ ಬೆಳಿಗ್ಗೆ ಹಾರಾಟದ ಶಾಲೆಯ ಮುಖ್ಯಸ್ಥೆ ಮನೆಗೆ ಬಂದರು. ನರೆತ ಕೂದಲು, ನೇರ ಮಾತು.

"ನೋಡಮ್ಮ, ಆ ಇಂಜಿನ್‌ನಲ್ಲಿ ಯಾವ ದೋಷವೂ ಸಿಗಲಿಲ್ಲ. ನಮ್ಮ ಈ ಪೈಲಟ್ ದಿನಾ ನಿಮ್ಮ ಹುಲ್ಲುಗಾವಲಿನ ಮೇಲೆ ಬಂದಾಗ ವೇಗ ಇಳಿಸ್ತಿದ್ದನಂತೆ, ಜೊತೆಗಾರರು ಹೇಳ್ತಾರೆ. ಯಾಕೋ ಅಂದ್ರೆ ಬಾಯಿ ಬಿಡಲ್ಲ. ಬರೀ ಅಡ್ಡಗೋಡೆ ಮೇಲೆ ದೀಪ ಇಡ್ತಾನೆ. ಶೋಕಿಗೆ ವಿಮಾನ ಇಳಿಸಿದ್ದಾದ್ರೆ ಅವನನ್ನ ಇನ್ನೆಂದೂ ಹಾರೋಕೆ ಬಿಡಲ್ಲ ನಾನು. ನಾಳೆ ಶಾಲೆಗೆ ಬಂದು, ನೀವು ಕಂಡದ್ದನ್ನ ಕಂಡ ಹಾಗೆ ಹೇಳಿ."

ಅವಳ ಕಾಲ ಕೆಳಗಿನ ನೆಲವೇ ಕುಸಿದಂತಾಯಿತು. ಸುಳ್ಳಾ? ಮತ್ತೆ ಸುಳ್ಳಾ?!

ಅವನು ಬಂದಾಗ ಬೇಲಿಯ ಬಳಿಯೇ ತಡೆದಳು.

"ಇಂಜಿನ್ ನಿಜವಾಗಿ ನಿಂತಿತ್ತಾ?"

"ನಿಂತಿತ್ತು."

"ಮತ್ತೆ ಅರ್ಧ ದಿನದಲ್ಲಿ ತಾನಾಗೇ ಹೇಗೆ ಸರಿಹೋಯ್ತು?"

"ತಪ್ಪು ನನ್ನದೇ. ಅದಕ್ಕಿಂತ ಹೆಚ್ಚು ಕೇಳಬೇಡಿ, ದಯವಿಟ್ಟು."

"ನನ್ನ ಕಪ್ಪಿ ಸಾಯ್ತಿತ್ತು! ನಾನು ಸಾಯ್ತಿದ್ದೆ! ನಿಮ್ಮ ಆಟಕ್ಕೆ ನನ್ನ ಹುಲ್ಲುಗಾವಲೇ ಬೇಕಿತ್ತಾ? ಹೋಗಿ. ಬೇಲಿ ನಾನೇ ಕಟ್ಕೋತೀನಿ."

ಅವನು ಸುತ್ತಿಗೆಯನ್ನು ನೆಟ್ಟ ಕಂಬಕ್ಕೆ ಒರಗಿಸಿಟ್ಟು ಹೊರಟುಹೋದ. ತಿರುಗಿ ನೋಡಲಿಲ್ಲ. ಅವಳು ಕಪ್ಪಿಯ ಕೊರಳಿಗೆ ಮುಖವಿಟ್ಟು ಅತ್ತಳು.

ಅತ್ತೆ ಬೆನ್ನು ಸವರಿದಳು. "ಸುಳ್ಳು ಹೇಳೋನು ಹೀಗೆ ಬಾಯಿ ಮುಚ್ಕೊಂಡಿರಲ್ಲ ಪುಟ್ಟಿ. ಕಥೆ ಮೇಲೆ ಕಥೆ ಕಟ್ತಾನೆ. ಮರೆತುಹೋಯ್ತಾ ನಿಂಗೆ?"

* * *

ಮುಖ್ಯಸ್ಥೆಯ ಕೋಣೆಯಲ್ಲಿ ಅವನು ಗೋಡೆಗೆ ಅಂಟಿಕೊಂಡಂತೆ ನಿಂತಿದ್ದ. ಕಿಟಕಿಯಾಚೆ ವಿಮಾನಗಳು ಸಾಲಾಗಿ ನಿಂತಿದ್ದವು. ಸುತ್ತಿಗೆ ಏಟು ತಿಂದ ಅವನ ಹೆಬ್ಬೆರಳಿನ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ಅದನ್ನು ನೋಡಿ ಅವಳ ಕರುಳು ಚುರ್ರೆಂದಿತು. 'ಕರಗಬೇಡ!' ಎಂದು ತನಗೆ ತಾನೇ ಗದರಿಕೊಂಡಳು.

"ಕೂತ್ಕೊಳಮ್ಮ. ಮೊದಲು ನೀರು ಕುಡಿ." ಮುಖ್ಯಸ್ಥೆ ಫ್ರಿಜ್ಜಿನಿಂದ ಬಾಟಲಿ ತೆಗೆದು ಸ್ಟೀಲ್ ಲೋಟಕ್ಕೆ ಸುರಿದರು.

ಲೋಟದ ಹೊರಮೈ ಬೆವೆತಿತು. ಅವಳು ಎತ್ತಿಕೊಂಡಾಗ ಒಂದು ಹನಿ ಜಾರಿ ಮಣಿಕಟ್ಟಿನ ಮೇಲೆ ಬಿತ್ತು.

ಮೈ ಜುಮ್ಮೆಂದಿತು. ಅದೇ ಜಾಗ... ಅದೇ ತಣ್ಣನೆ!

"ಮೇಡಂ," ಅವಳು ಲೋಟ ಕೆಳಗಿಟ್ಟಳು. "ಆವತ್ತು ವಿಮಾನದ ಮೂತಿ ಕೆಳಗಿಂದ ನೀರು ತೊಟ್ಟಿಕ್ತಿತ್ತು. ಪೆಟ್ರೋಲೇನೋ ಅಂತ ಮೂಸಿ ನೋಡಿದ್ದೆ. ಬರೀ ನೀರು. ಆದ್ರೆ ಹೀಗೇ... ಐಸ್ ಹಾಗೆ ತಣ್ಣಗಿತ್ತು."

ಮುಖ್ಯಸ್ಥೆ ಕುರ್ಚಿಯಿಂದ ಎದ್ದೇಬಿಟ್ಟರು. "ತಣ್ಣಗಿತ್ತಾ? ಕಾದ ಇಂಜಿನ್ ಕೆಳಗೆ ತಣ್ಣೀರಾ?"

"ಹೌದು. ಕೈಯೊಡ್ಡಿದ್ದೆ ನಾನು."

"ಮಂಜುಗಡ್ಡೆ!" ಮುಖ್ಯಸ್ಥೆ ಮೇಜು ಗುದ್ದಿದರು. "ತೇವದ ಗಾಳಿ ಇದ್ದಾಗ ಇಂಜಿನ್ ನಿಧಾನ ಮಾಡಿದ್ರೆ, ಗಾಳಿ ಪೆಟ್ರೋಲ್ ಬೆರೆಯೋ ಕಾರ್ಬುರೇಟರ್ ಒಳಗೆ ಮಂಜುಗಡ್ಡೆ ಕಟ್ಟುತ್ತಮ್ಮ. ಇಂಜಿನ್‌ಗೆ ಉಸಿರು ಕಟ್ಟುತ್ತೆ. ಕೆಳಗಿಳಿದ ಮೇಲೆ ಅದು ಕರಗಿ ಹರಿದು ಹೋಗುತ್ತೆ, ಗುರುತೂ ಉಳಿಯಲ್ಲ. ನಂಗೂ ಒಳಗೊಳಗೆ ಆ ಅನುಮಾನ ಇತ್ತು. ಈ ಮೌನಿಬಾಬಾ ಬಾಯಿ ಬಿಡಬೇಕಲ್ಲ!"

ಅವರು ಅವನತ್ತ ತಿರುಗಿದರು. "ವೇಗ ಇಳಿಸೋ ಮೊದಲು, ಮಂಜು ಕಟ್ಟದ ಹಾಗೆ ಬಿಸಿಗಾಳಿ ಗುಂಡಿ ಎಳೀಬೇಕು ಅಂತ ಹೊಸಬರಿಗೆ ಕಲಿಸೋನು ನೀನು. ನೀನೇ ಯಾಕೋ ಎಳೀಲಿಲ್ಲ?"

"ಮರೆತೆ ಮೇಡಂ."

"ಅದೇ ಯಾಕೆ?"

"ಕಣ್ಣು... ಕೆಳಗಿತ್ತು."

"ಕೆಳಗೆ ಏನಿತ್ತೋ?"

ಅವನ ಕಿವಿ ಕೆಂಪಾಯಿತು. ಮುಖ್ಯಸ್ಥೆ ಅವನನ್ನು ನೋಡಿದರು, ಅವಳನ್ನು ನೋಡಿದರು. ಬಿಗಿದ ತುಟಿಯ ಅಂಚಿನಲ್ಲಿ ನಗು ಇಣುಕಿತು.

"ಓಹೋ... ಹಾಗೆ ಸಮಾಚಾರ! ಸುಳ್ಳನಲ್ಲ, ಬರೀ ದಡ್ಡ. ಈ ತಿಂಗಳು ಹಾರಾಟ ಬಂದ್. ವಿಮಾನ ತೊಳಿ, ಮೊದಲ ಪಾಠದಿಂದ ಮತ್ತೆ ಕಲಿ, ಪರೀಕ್ಷೆ ಕೊಡು. ಆಮೇಲೆ ಹಾರು. ಈಗ ಇಬ್ಬರೂ ಹೊರಗೆ ನಡೀರಿ, ನಂಗೆ ಕೆಲಸ ಇದೆ!"

* * *

ಹೊರಗೆ ಬಂದ ಮೇಲೆ ಅವಳೇ ಕೇಳಿದಳು.

"ಆವತ್ತೇ ಹೇಳಬಹುದಿತ್ತಲ್ವಾ?"

"ಏನಂತ ಹೇಳಲಿ? ನಿಮ್ಮನ್ನ ನೋಡ್ತಾ ಇಂಜಿನ್ ಮರೆತೆ ಅಂತಾನಾ? ಶಾಲೆ ತುಂಬ ನಿಮ್ಮನ್ನ ಆಡ್ಕೊಳ್ತಿದ್ರು. ತಪ್ಪು ನನ್ನದು. ಮಾತು ನಿಮಗ್ಯಾಕೆ ತಾಗಬೇಕು?"

ಅವಳ ಕಣ್ಣು ತುಂಬಿಬಂತು. ತನ್ನ ರೆಕ್ಕೆಯನ್ನೇ ಕಳೆದುಕೊಳ್ಳಲು ಸಿದ್ಧನಿದ್ದ, ನನ್ನ ಮೇಲೆ ಒಂದು ಮಾತು ಬರಬಾರದೆಂದು! ಇಂಥವನನ್ನು ಸುಳ್ಳನೆಂದುಕೊಂಡೆನಲ್ಲ...

"ನಿಮ್ಮನ್ನ ತಪ್ಪು ತಿಳ್ಕೊಂಡೆ. ಹೊಟ್ಟೆಗೆ ಹಾಕ್ಕೊಳ್ಳಿ."

"ನನ್ನಿಂದ ನಿಮ್ಮ ಜೀವಕ್ಕೇ ಕುತ್ತು ಬಂದಿತ್ತು. ಅದನ್ನ ನೆನೆಸ್ಕೊಂಡ್ರೆ ಈಗಲೂ ನಿದ್ದೆ ಬರಲ್ಲ." ಅವನು ಮೊದಲ ಬಾರಿಗೆ ಅವಳ ಕಣ್ಣಲ್ಲಿ ಕಣ್ಣಿಟ್ಟ. "ಆದ್ರೂ ಕೇಳಿಬಿಡ್ತೀನಿ. ನಂಗೆ ನೀವಂದ್ರೆ ಪ್ರಾಣ. ಒಪ್ಪೋದು ಬಿಡೋದು ನಿಮಗೆ ಬಿಟ್ಟದ್ದು."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನ ಪಟ್ಟಿ ಸುತ್ತಿದ ಹೆಬ್ಬೆರಳನ್ನು ಮೆಲ್ಲಗೆ ತನ್ನ ಅಂಗೈಯಲ್ಲಿ ಹಿಡಿದುಕೊಂಡಳು.

"ಇನ್ಮೇಲೆ ಹಾರೋವಾಗ ಕಣ್ಣು ಇಂಜಿನ್ ಮೇಲಿರ್ಲಿ. ನನ್ನ ನೋಡಬೇಕು ಅನ್ನಿಸಿದ್ರೆ ರಸ್ತೇಲಿ ಬನ್ನಿ."

"ಬರ್ತೀನಿ. ನಾಳೆ ಬಂದು ಉಳಿದ ಬೇಲೀನೂ ಮುಚ್ಚಿಬಿಡ್ತೀನಿ."

"ಬೇಡ."

ಅವನ ಮುಖ ಬಾಡಿತು. "ಯಾಕೆ?"

"ಮುಚ್ಚಬೇಡಿ," ಎಂದಳು ಅವಳು, ನಗುತ್ತಾ, ಅಳುತ್ತಾ. "ಅಲ್ಲೊಂದು ಗೇಟು ಇಡಿ."