ಹೂಡಿ ದಾರದ ಗಂಟು

"ತೇಜೂ! ಓವನ್ ಆನ್ ಮಾಡಿದ್ಯಾರು?"

ಅಮ್ಮನ ಕೂಗಿಗೆ ತೇಜಸ್ವಿನಿ ಅಡುಗೆಮನೆಗೆ ಓಡಿದಳು. ಪಿಜ್ಜಾ ಬಿಸಿ ಮಾಡೋಣವೆಂದು ನಾನೂರು ಡಿಗ್ರಿಗೆ ಒತ್ತಿದ್ದು ಅವಳೇ. ಒಳಗೆ ದೋಸೆಹಿಟ್ಟಿತ್ತು! ಅಮೆರಿಕದ ಕ್ಯಾಂಟನ್ನಿನ ಚಳಿಯಲ್ಲಿ ಹಿಟ್ಟು ಹುಳಿ ಬರಬೇಕಾದರೆ ಓವನ್ನಿನ ಲೈಟಿನ ಬಿಸಿಯೇ ಗತಿ. ಈಗ ಪಾತ್ರೆಯ ಪ್ಲಾಸ್ಟಿಕ್ ಮುಚ್ಚಳ ಕರಗಿ ಜೋತುಬಿದ್ದಿತ್ತು.

"ನೋಡ್ದೇನೇ ಒತ್ತೋದಾ? ಮರೆವು ನಿನ್ನ ಹುಟ್ಟುಗುಣ. ಅಪ್ಪನ ಕಡೆಯಿಂದ ಬಂದಿದ್ದು. ಸುಟ್ಟರೂ ಹೋಗಲ್ಲ!" ಅಂದಳು ಅಮ್ಮ.

ಅಪ್ಪ ಲ್ಯಾಪ್‌ಟಾಪಿನ ಹಿಂದೆ ತಲೆ ತಗ್ಗಿಸಿದ. ಬೆಳಗ್ಗೆಯಿಂದ ಅವನ ಕನ್ನಡಕವೂ ಕಾಣೆ.

"ಹಾಗಾದ್ರೆ... ಗಿನಿ ಪಿಗ್?" ಎಂದಳು ತೇಜು.

ರಜೆಗೆ ಕ್ಲಾಸಿನಲ್ಲಿ ಸಾಕಿದ್ದ ಪುಟ್ಟ ಗಿನಿ ಪಿಗ್ಗನ್ನು ಮನೆಗೆ ತರುವುದೆಂದರೆ ತೇಜುಗೆ ಹಬ್ಬ. ನಾಳೆಯೇ ಟೀಚರಿಗೆ ಹೇಳಬೇಕಿತ್ತು.

"ನೀರು ಕೊಡೋದು ಮರೆತ್ರೆ ಪಾಪ, ಅದರ ಗತಿ? ಬೇಡ."

ತೇಜುಗೆ ಅಳು ಉಕ್ಕಿತು. "ಅಜ್ಜೀ, ಹುಟ್ಟುಗುಣ ಅಂದ್ರೆ ಫಾರೆವರ್ರಾ? ಬಾರ್ನ್ ಆಗುವಾಗ್ಲೇ ಫಿಕ್ಸ್ ಆಗಿದ್ರೆ ನಂದೇನ್ ಫಾಲ್ಟ್? ನಾಟ್ ಫೇರ್!"

ಮೈಸೂರಿನಿಂದ ಬಂದಿದ್ದ ಲಲಿತಮ್ಮಜ್ಜಿ ಅಮ್ಮನ ಅಮ್ಮ. ಮಾತಿಗೆ ಸದಾ ಮುಂದು. ಈಗ ಮಾತ್ರ ಸೆರಗಿನ ತುದಿ ತಿರುವುತ್ತಿದ್ದಳು. ಅಲ್ಲೊಂದು ಗಂಟಿತ್ತು.

"ವರ್ಷಾ, ಬಟನ್ ಮೇಲೆ ಟೇಪ್ ಇತ್ತಾ?" ಎಂದು ಮಗಳನ್ನು ಕೇಳಿದಳು.

ಓವನ್ನಿನಲ್ಲಿ ಹಿಟ್ಟಿಟ್ಟವರು ಬಟನ್ನಿಗೆ ಹಳದಿ ಟೇಪ್ ಅಂಟಿಸಬೇಕು. ಅದು ಆ ಮನೆಯ ರೂಲು. ಅಮ್ಮ ನೋಡಿದಳು. ಟೇಪಿರಲಿಲ್ಲ.

"ಹಿಟ್ಟಿಟ್ಟೋಳು ನಾನು. ಟೇಪ್ ಅಂಟಿಸ್ಬೇಕು ಅಂತಾನೇ ಈ ಗಂಟು ಹಾಕ್ಕೊಂಡೆ. ಗಂಟು ನೋಡೋದನ್ನೇ ಮರೆತೆ ಕಣೇ."

ಅಪ್ಪನ ತಲೆ ಮೆಲ್ಲಗೆ ಮೇಲೆದ್ದಿತು. "ಈಗ ಹೇಳು ವರ್ಷಾ, ಯಾರ ಕಡೆಯಿಂದ ಬಂತು?"

"ನೀವು ಮೊದಲು ಕನ್ನಡಕ ಹುಡುಕಿ!" ಎಂದ ಅಮ್ಮನಿಗೇ ನಗು ತಡೆಯಲಾಗಲಿಲ್ಲ.

ತೇಜು ಕಣ್ಣರಳಿಸಿದಳು. "ಅಜ್ಜೀ, ಯೂ ಟೂ?"

"ಹುಟ್ಟಿದಾಗಿಂದ. ಅದಕ್ಕೇ ದಿನಾ ಗಂಟು. ಗಂಟು ಹಾಕ್ಕೊಂಡೇ ಮೂರು ಮಕ್ಕಳನ್ನ ಸಾಕ್ಲಿಲ್ವಾ?"

"ಒಂದ್ಸಲ ನೀನು ನನ್ನನ್ನ ಸ್ಕೂಲಲ್ಲೇ ಬಿಟ್ಟು ಬಂದಿದ್ದೆ," ಎಂದಳು ಅಮ್ಮ.

"ನಾನೇ ವಾಪಸ್ ಬಂದು ಕರ್ಕೊಂಡ್ ಹೋದ್ನಲ್ಲ!"

ಅಮ್ಮ ಸುಟ್ಟ ಪಾತ್ರೆಯನ್ನು ಸಿಂಕಿಗೆ ಹಾಕಿ, ತೇಜುವಿನ ಕೆನ್ನೆ ಒರೆಸಿದಳು. "ಸರಿ, ಗಿನಿ ಪಿಗ್ ತಗೊಂಡು ಬಾ. ನಾಳೆ ಟೀಚರಿಗೆ ಹೇಳೋದನ್ನಾದ್ರೂ ಮರೀಬೇಡ."

ತೇಜು ಅಜ್ಜಿಯ ಸೆರಗನ್ನು ಹಿಡಿದು ನೋಡಿದಳು. ಬಿಚ್ಚಿದ ಹಳೆಯ ಗಂಟುಗಳ ಸುಕ್ಕು ಅದರ ತುಂಬ ಇತ್ತು.

ಆಮೇಲೆ ತಾನು ತೊಟ್ಟಿದ್ದ ಹೂಡಿಯ ಕತ್ತಿನ ದಾರ ಎಳೆದು ಒಂದು ಗಂಟು ಹಾಕಿದಳು. ಸ್ವಲ್ಪ ಯೋಚಿಸಿ, ಆ ಗಂಟನ್ನು ನೋಡಲು ಮರೆಯದಿರಲೆಂದು ಇನ್ನೊಂದು ಹಾಕಿದಳು.