ಓಗೊಟ್ಟವಳು

“ಮಧ್ಯಾಹ್ನ ಜನ ಮಲಗಿರೋ ಹೊತ್ತಲ್ಲಿ ಹಳೇಕೇರಿ ಕಡೆ ಹೋಗಬೇಡ ಮಗಳೇ. ಆ ಕಡೆಯಿಂದ ಯಾರಾದ್ರೂ ಹೆಸರು ಹಿಡಿದು ಕರೆದ್ರೆ ಓಗೊಡಬೇಡ. ಗಂಟಲು ಕೆರೆದರೂ ಕೆಮ್ಮಬೇಡ.”

ಮೂಜಾ ಅಜ್ಜಿ ಹೀಗೆಂದಾಗ ರಯ್ಯಾ ಕಾಫಿಯ ಪುಟ್ಟ ಬಟ್ಟಲನ್ನು ಅಲ್ಲಾಡಿಸಿ, ಸಾಕೆಂಬಂತೆ ಕೆಳಗಿಟ್ಟಳು.

“ಕಾಫಿಗೆ ಕರೆದಿದ್ರೆ? ಕರೆದವರ ಮನೆಗೆ ಹೋಗದಿದ್ರೆ ಮಾನಗೇಡು ಅಂತ ನೀನೇ ಅಲ್ವಾ ಅಜ್ಜಿ ಹೇಳೋದು?”

“ನಗಾಡು, ನಗಾಡು. ನಿನ್ನ ತಂಗೀನೂ ನಗ್ತಾನೇ ಹೋದಳು.”

“ಗಾಯಾ ಕಾಲುವೆಗೆ ಬಿದ್ದು ಸತ್ತಳು. ಕಾಲು ಜಾರಿತು. ಅಷ್ಟೇ.”

ಅಜ್ಜಿ ದನಿ ತಗ್ಗಿಸಿದಳು. “ಅವಳ ಮೈ ತೊಳೆದವಳು ನಾನು. ನೀರು ಹುಯ್ದರೆ ಮರದ ಮೇಲೆ ಹುಯ್ದ ಸದ್ದು. ನಾವು ಹೂಳಿದ್ದು ಖರ್ಜೂರದ ದಿಮ್ಮಿ ಕಣೇ. ಹುಡುಗಿ ಅಲ್ಲೇ ಇದ್ದಾಳೆ, ಆ ಕರೆಯೋನ ಹತ್ತಿರ.”

“ಹಾಗಾದ್ರೆ ಒಂದು ದಿಮ್ಮಿಗೋಸ್ಕರ ಊರವರೆಲ್ಲ ಅತ್ತರಾ?”

“ಅತ್ತವರು ಅತ್ತರು. ನಿನ್ನ ಉಮ್ಮ ಅತ್ತಳಾ?”

ರಯ್ಯಾಳ ನಗು ಅಲ್ಲಿಗೆ ನಿಂತಿತು.

ಉಮ್ಮ ಅತ್ತಿರಲಿಲ್ಲ. ಸಂತಾಪಕ್ಕೆ ಬಂದ ಹೆಂಗಸರ ನಡುವೆ ತಾಯಿ ಜುವೈನಾ ಗೋಡೆಗೊರಗಿ, ಒಣ ಕಣ್ಣಲ್ಲಿ ಬಾಗಿಲನ್ನೇ ನೋಡುತ್ತ ಕೂತಿದ್ದಳು. ದುಃಖ ಹೆಪ್ಪುಗಟ್ಟಿದೆ ಎಂದರು ಅವರು. ರಯ್ಯಾಳಿಗೆ ಅದು ದುಃಖದಂತೆ ಕಂಡಿರಲಿಲ್ಲ. ತಪ್ಪು ಮಾಡಿದವರು ಕೂರುವ ರೀತಿ ಅದು.

ಆದರೆ ಕೇಳುವುದು ಹೇಗೆ? ರಯ್ಯಾ ಈ ಮನೆಯಲ್ಲಿ ಬೆಳೆದವಳಲ್ಲ. ಹಾಲು ಬಿಟ್ಟ ಕೂಡಲೇ ಅವಳನ್ನು ಮಸ್ಕತ್ತಿನ ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ಈ ಊರು, ಬೆಟ್ಟದ ಬುಡದ ಸಿದೈರಾ, ಅವಳಿಗೆ ಹಬ್ಬಕ್ಕೆ ಬಂದು ಹೋಗುವ ಜಾಗ. ಮೊದಲ ಮಗಳನ್ನು ದೂರ ತಳ್ಳಿ ಎರಡನೆಯವಳನ್ನು ಮಡಿಲಲ್ಲಿಟ್ಟುಕೊಂಡ ಉಮ್ಮನ ಮೇಲೆ ಅವಳಿಗೆ ಸಿಟ್ಟಿತ್ತು. ಆ ಸಿಟ್ಟನ್ನು ಅವಳು ತೀರಿಸಿಕೊಂಡದ್ದು ಗಾಯಾಳ ಮೇಲೆ. ಒಂದು ಹಬ್ಬದಲ್ಲಿ ಗಾಯಾ ಮಸ್ಕತ್ತಿಗೆ ಬಂದಿದ್ದಳು. ಹಳ್ಳಿಯ ಬಣ್ಣಬಣ್ಣದ ಲಂಗ, ಕೈತುಂಬ ಗೋರಂಟಿ, ಗಟ್ಟಿ ನಗು. ಗೆಳತಿಯರು ಯಾರಿವಳು ಎಂದಾಗ ರಯ್ಯಾ, “ನಮ್ಮ ಊರಿನ ಕಡೆಯವಳು” ಎಂದುಬಿಟ್ಟಿದ್ದಳು. ಗಾಯಾಳಿಗೆ ಅದು ಕೇಳಿಸಿತ್ತು. ಆದರೂ ನಕ್ಕಿದ್ದಳು.

ಅಂಥವಳು ಈಗ ಮಣ್ಣಿನಡಿ. ರಯ್ಯಾ ಬರುವಷ್ಟರಲ್ಲಿ ಹೂಳಿ ಆಗಿತ್ತು. ಮುಖ ನೋಡಲು ಸಿಗಲಿಲ್ಲ. ಕೊನೆಗೆ ಅವಳ ದೇಹ ಸಿಕ್ಕ ಜಾಗವನ್ನಾದರೂ ನೋಡಬೇಕೆಂಬ ಹಟ ಹುಟ್ಟಿತು. ಕಾಲುವೆ ಹಳೇಕೇರಿಯ ಗೋಡೆಯಡಿಯಿಂದ ಹೊರಬೀಳುವ ಕಡೆ, ಎಂದಿದ್ದರು.

ಮಧ್ಯಾಹ್ನದ ನಮಾಜು ಮುಗಿದು ಊರು ನಿದ್ದೆಗೆ ಜಾರಿತು. ಎ.ಸಿ.ಗಳು ಗೊರಗುಟ್ಟುತ್ತಿದ್ದವು. ರಯ್ಯಾ ಸದ್ದಿಲ್ಲದೆ ಹೊರಟಳು.

ಬಿಸಿಲು ಕಣ್ಣಿಗೆ ಸೂಜಿಯಾಗಿತ್ತು. ಹಳೇಕೇರಿಯೆಂದರೆ ಜನ ಸಿಮೆಂಟಿನ ಮನೆಗಳಿಗೆ ಹೋದ ಮೇಲೆ ಪಾಳುಬಿದ್ದ ಮಣ್ಣಿನ ಮನೆಗಳ ಗುಂಪು. ಒಂದರ ಹೆಗಲ ಮೇಲೊಂದು ಬಿದ್ದುಕೊಂಡಂತೆ ಗೋಡೆಗಳು. ಕಾಲುವೆಯ ನೀರು ಮೊಣಕಾಲಷ್ಟೂ ಇರಲಿಲ್ಲ. ರಯ್ಯಾ ಅದನ್ನು ನೋಡುತ್ತ ನಿಂತಳು. ಹದಿನೇಳರ ಹುಡುಗಿ, ಈಜು ಬಲ್ಲವಳು, ಈ ನೀರಲ್ಲಿ ಮುಳುಗಿದಳೇ?

ಆಗ ವಾಸನೆ ಬಂತು. ಮೊದಲು ಲೋಬಾನ. ಅದರ ಹಿಂದೆಯೇ ಬಾವಲಿಯ ಹಿಕ್ಕೆ, ಹಸಿ ಮಣ್ಣು, ಹುಳಿತ ಖರ್ಜೂರ. ಪಾಳು ಬಿದ್ದ ಜಾಗದಲ್ಲಿ ಲೋಬಾನ ಹಾಕುವವರು ಯಾರು?

“ರಯ್ಯಾ!”

ಗಂಡಸಿನ ದನಿ. ಮುದಿ ದನಿ. ಕೆಲಸದವಳನ್ನು ಕರೆದಷ್ಟು ಸಲೀಸು. ಅವಳು ಬಾಯಿ ತೆರೆದೇಬಿಟ್ಟಿದ್ದಳು. ಅಷ್ಟರಲ್ಲಿ ಗೋಡೆಗಳ ಆಚೆಯಿಂದ ಬೇರೊಬ್ಬಳು ಓಗೊಟ್ಟಳು.

“ಬಂದೇ...”

ಗಾಯಾಳ ದನಿ.

ರಯ್ಯಾಳ ಬೆನ್ನ ಮೇಲಿನ ಬೆವರು ಒಮ್ಮೆಗೇ ತಣ್ಣಗಾಯಿತು. ತನ್ನ ಹೆಸರು. ತಂಗಿಯ ಉತ್ತರ. ಕಾಲುಗಳು ಅವಳ ಮಾತು ಕೇಳಲಿಲ್ಲ, ಒಳಕ್ಕೆ ನಡೆದವು. ಓಣಿ ಕಿರಿದಾಯಿತು, ಮೇಲೆ ತೊಲೆ ಮುಚ್ಚಿತು, ಹಗಲು ಹಿಂದೆಯೇ ಉಳಿಯಿತು. ಒಂದು ಬಾಗಿಲು. ಒಳಗೆ ಹಿಂದೆಲ್ಲ ಖರ್ಜೂರದ ಚೀಲ ಪೇರಿಸಿ ಪಾಕ ಇಳಿಸುತ್ತಿದ್ದ ಕೋಣೆ. ನೆಲದ ತುಂಬ ಪಾಕ ಹರಿಯಲೆಂದು ಕೊರೆದ ಸಣ್ಣ ಕಾಲುವೆಗಳು. ಅದರ ಕತ್ತಲಲ್ಲಿ ಒಬ್ಬಳು ಬಗ್ಗಿ, ಬರಿಗೈಯಲ್ಲಿ ಕಪ್ಪು ಪಾಕವನ್ನು ಬಳಿದು ಬಳಿದು ಮಡಕೆಗೆ ತುಂಬುತ್ತಿದ್ದಳು. ಜಡೆಯ ತುದಿ ಪಾಕದಲ್ಲಿ ಅದ್ದಿಹೋಗಿತ್ತು. ಮಡಕೆಗೆ ತಳವಿರಲಿಲ್ಲ. ಅವಳಿಗದು ಗೊತ್ತಿದ್ದಂತಿರಲಿಲ್ಲ.

ಅವಳು ತಲೆ ಎತ್ತಿದಳು. ಗಾಯಾ. ಕಣ್ಣಿನ ಸುತ್ತ ನೊಣ. ರೆಪ್ಪೆ ಮಿಟುಕಲಿಲ್ಲ.

ರಯ್ಯಾ ಓಡಿದಳು.

ಮನೆ ಸೇರಿದಾಗ ಉಮ್ಮ ಅಡುಗೆಮನೆಯಲ್ಲಿ ಒಣನಿಂಬೆಗಳನ್ನು ಒಡೆದು ಬೀಜ ತೆಗೆಯುತ್ತಿದ್ದಳು. ಮಗಳ ಮುಖ ನೋಡಿದಳು. ಕೈ ನಿಂತಿತು.

“ಹೋಗಿದ್ಯಾ?”

“ಅವಳು ಯಾಕೆ ನನ್ನ ಹೆಸರಿಗೆ ಓಗೊಡ್ತಾಳೆ?”

ಜುವೈನಾ ಎದ್ದು ಬಾಗಿಲು ಹಾಕಿದಳು. ತಲೆವಸ್ತ್ರವನ್ನು ಹಣೆಯವರೆಗೆ ಎಳೆದುಕೊಂಡು, ಪರಕೀಯರ ಮುಂದೆ ಕೂತಂತೆ ಕೂತಳು.

“ನೀನು ಹುಟ್ಟೋ ಮುಂಚೆ ನನ್ನ ಹೊಟ್ಟೇಲಿ ಒಂದೂ ನಿಲ್ಲಲಿಲ್ಲ,” ಎಂದಳು. “ತೊಟ್ಟಿಲು ಕಟ್ಟೋದು, ಬಿಚ್ಚೋದು. ಕೊನೆಗೆ ಹಳೇಕೇರಿಯ ಮಾಟಗಾರ ಮುದುಕನ ಹತ್ತಿರ ಹೋದೆ. ತಾಯಿತ ಕೊಟ್ಟ. ಕೂಸು ಉಳಿಯುತ್ತೆ, ದೊಡ್ಡವಳಾದ ಮೇಲೆ ನಾನು ಕರೀತೀನಿ, ಕಳಿಸಬೇಕು ಅಂದ. ಹೂಂ ಅಂದೆ. ಆಗ ಹೂಂ ಅನ್ನದ ಹೆಂಗಸು ಇದ್ದಾಳಾ ಹೇಳು?”

“ಉಮ್ಮಾ...”

“ನಿನ್ನನ್ನ ಮಸ್ಕತ್ತಿಗೆ ಕಳಿಸಿದ್ದು ಬಚ್ಚಿಡೋಕೆ. ಬೇಡ ಅಂತಲ್ಲ. ಆಮೇಲೆ ಮುದುಕ ಸತ್ತ. ಅವನನ್ನ ಹೂಳಿದ್ದನ್ನ ಊರೇ ನೋಡಿತು. ಪಾರಾದೆವು ಅಂದುಕೊಂಡೆ. ಈ ಬೇಸಿಗೆ ಶುರುವಾಯ್ತು. ದಿನಾ ಮಧ್ಯಾಹ್ನ ಆ ಗೋಡೆಯಿಂದ ಕರೆ. ರಯ್ಯಾ, ರಯ್ಯಾ. ಕರೀತಾ ಕರೀತಾ ನಮ್ಮ ಅಂಗಳದವರೆಗೂ ಬಂತು. ಇನ್ನೊಂದಿಷ್ಟು ದಿನ ಬಿಟ್ಟಿದ್ರೆ ಮಸ್ಕತ್ತಿಗೇ ಬರ್ತಿತ್ತು.”

“ಅದಕ್ಕೆ?”

“ಅದಕ್ಕೆ ಗಾಯಾನ ಕಳಿಸಿದೆ. ಹಳೇಕೇರಿ ನಿಂಬೆಗಿಡದ ಹತ್ತಿರ ಒಬ್ಬರು ಕರೀತಾರೆ, ಹೆಸರು ಕೇಳಿದ್ರೆ ರಯ್ಯಾ ಅಂತ ಹೇಳು, ಅಕ್ಕನ ದೃಷ್ಟಿ ತೆಗೆಯೋಕೆ ಅಂದೆ. ಅಕ್ಕನಿಗೋಸ್ಕರ ಅಂದ್ರೆ ಅವಳು ಎಲ್ಲಿಗೆ ಬೇಕಾದ್ರೂ ಹೋಗೋಳು. ನಗ್ತಾ ಹೋದಳು.”

“ನನಗಿಂತ ಅವಳನ್ನಲ್ವಾ ನೀನು ಸಾಕಿದ್ದು?”

“ಸಾಕಿದವಳನ್ನ ಕೊಟ್ಟೆ. ಸಾಕದೇ ಇದ್ದವಳನ್ನ ಕೊಡೋಕೆ ನನಗೆ ಯಾವ ಮುಖ ಇತ್ತು?”

ಒಣನಿಂಬೆಯ ಕಹಿ ವಾಸನೆ ಕೋಣೆಯಲ್ಲಿ ತುಂಬಿತ್ತು. ರಯ್ಯಾ ಒಡೆದ ನಿಂಬೆಯ ಸಿಪ್ಪೆಗಳನ್ನು ಒಂದೆಡೆ ಸರಿಸಿದಳು. ಆಮೇಲೆ ಕೇಳಿದಳು: “ಬಿಡಿಸೋಕೆ ದಾರಿ ಇಲ್ವಾ?”

“ಇದೆ,” ಎಂದಳು ಉಮ್ಮ, ನೆಲಕ್ಕೆ. “ಅವಳಿಗೆ ತನ್ನ ಹೆಸರು ಮರೆತಿರುತ್ತೆ. ರಕ್ತ ಹಂಚಿಕೊಂಡವರು ಎದುರು ನಿಂತು ಆ ಹೆಸರು ಹೇಳಿದ್ರೆ ಸಾಕು, ಎದ್ದು ಬರ್ತಾಳೆ. ಆಮೇಲೆ ಅವನು ಕರೆದಾಗ ಓಗೊಡಬೇಕಾದವಳು ನಿಜವಾದ ರಯ್ಯಾ. ಬೇಡ ಅಂದರೂ ನಿನ್ನ ಬಾಯಿ ತಾನೇ ಓಗೊಡುತ್ತೆ.”

“ನೀನು ಯಾಕೆ ಹೋಗಿ ಹೇಳಲಿಲ್ಲ?”

ಉಮ್ಮ ತಲೆ ಎತ್ತಿ ಮಗಳನ್ನು ನೋಡಿದಳು. ಉತ್ತರ ರಯ್ಯಾಳ ರೂಪದಲ್ಲಿ ಎದುರಿಗೇ ಕೂತಿತ್ತು.

“ನಾನು ಹೇಳ್ತೀನಿ,” ಎಂದಳು ರಯ್ಯಾ. “ಇದು ನನಗೆ ಬರಬೇಕಾಗಿದ್ದು. ನಾಳೆ ಹೋಗ್ತೀನಿ. ಗಾಯಾ ಈ ಮನೆಗೆ ಊಟಕ್ಕೆ ಬರ್ತಾಳೆ.”

ಹಾಗೆನ್ನುವಾಗ ಅವಳಿಗೆ ತನ್ನ ಬಗ್ಗೆ ಹೆಮ್ಮೆಯೇ ಆಯಿತು. ಎಲ್ಲಕ್ಕಿಂತ ಹೆಚ್ಚಾಗಿ ಈ ಹೆಮ್ಮೆಯೇ ಮುಂದೆ ಅವಳನ್ನು ಸುಟ್ಟಿತು.

ಮರುದಿನ ಬಿಸಿಲು ಏರುತ್ತಿದ್ದಂತೆ ಅವಳು ಮಿಂದು, ನಮಾಜು ಮಾಡಿ, ಅಜ್ಜಿಯ ಹಣೆಗೆ ಮುತ್ತಿಟ್ಟಳು. ಅಜ್ಜಿಗೆ ಅರ್ಥವಾಯಿತೋ ಏನೋ, ಅವಳ ತೋಳು ಹಿಡಿದುಕೊಂಡಳು. ಬಿಡಿಸಿಕೊಳ್ಳಬೇಕಾಯಿತು.

ಓಣಿ. ತೊಲೆ. ಕತ್ತಲು. ಲೋಬಾನದ ಹೊಗೆ ಇವತ್ತು ದಟ್ಟವಾಗಿತ್ತು, ಯಾರೋ ಈಗಷ್ಟೇ ಕೆಂಡ ಊದಿದಂತೆ. ಪಾಕದ ಕೋಣೆಯ ಆಚೆ ಇನ್ನೊಂದು ಕೋಣೆಯಿತ್ತು. ಅದರ ಬಾಗಿಲಾಚೆ ಯಾರೋ ಉಸಿರಾಡುತ್ತಿದ್ದರು. ಉದ್ದುದ್ದ, ತೇವದ ಉಸಿರು.

“ಅಕ್ಕಾ,” ಎಂದಳು ಗಾಯಾ. ತಲೆ ಎತ್ತದೆಯೇ. “ಬಂದ್ಯಾ? ನಿನ್ನೆ ಓಡಿಹೋದೆಯಲ್ಲ, ಕೋಳಿ ಥರ.”

ಅದೇ ಗಟ್ಟಿ ನಗುವಿನ ಒಂದು ಚೂರು. ರಯ್ಯಾಳ ಕಣ್ಣು ತುಂಬಿತು. ಹತ್ತಿರ ಹೋಗಿ ಮಂಡಿಯೂರಿದಳು. ತಂಗಿಯ ಕೈ ಹಿಡಿದಳು. ಬೆರಳುಗಳ ಚರ್ಮ ಪಾಕಕ್ಕೆ ಅಂಟಿ ಅಂಟಿ ಸುಲಿದಿತ್ತು. ಕೆಳಗೆ ಕಂಡದ್ದು ಮಾಂಸವಲ್ಲ, ಖರ್ಜೂರದ ಕಾಂಡದ ನಾರು.

“ನೋವಾಗುತ್ತಾ?”

“ಕೈ ನೋಯಲ್ಲ. ಈ ಹೆಸರು ಭಾರ ಅಕ್ಕ. ಬಿಡದೆ ಕರೀತಾನೆ. ನನ್ನದಲ್ಲ ಅನ್ನಿಸುತ್ತೆ, ಬೇರೆ ಏನೋ ಇತ್ತು ಅನ್ನಿಸುತ್ತೆ. ನಾಲಗೆ ತುದಿಗೆ ಬರುತ್ತೆ, ಹೋಗುತ್ತೆ.” ಅವಳು ಈಗ ತಲೆ ಎತ್ತಿದಳು. ಮಿಟುಕದ ಆ ಕಣ್ಣುಗಳಲ್ಲಿ, ತುಂಬ ಆಳದಲ್ಲಿ, ಯಾರೋ ಎದ್ದು ನಿಂತರು. “ನೀನು ಹೇಳು. ನಿನಗೆ ಗೊತ್ತಲ್ವಾ? ನನ್ನ ಹೆಸರೇನು ಅಕ್ಕಾ?”

ಗಾಯಾ. ಎಷ್ಟು ಪುಟ್ಟ ಹೆಸರು. ಒಂದು ಉಸಿರು ಸಾಕು.

ಆಚೆ ಕೋಣೆಯ ಉಸಿರು ನಿಂತಿತು. ಅವನೂ ಕೇಳಿಸಿಕೊಳ್ಳುತ್ತಿದ್ದ.

ಬಾಗಿಲು ಸ್ವಲ್ಪ ಸರಿಯಿತು. ಸಂದಿಯಲ್ಲಿ ಬೆರಳುಗಳು ಕಂಡವು. ಉದ್ದ ಬೆರಳು. ಒಣಗಿದ ಬೆರಳು. ಮಣ್ಣು ಮೆತ್ತಿದ ಉಗುರು. ರಯ್ಯಾಳ ಮೂಗಿಗೆ ಗೋರಿಯ ವಾಸನೆ ಅಡರಿತು. ಇದು ನನ್ನ ನಾಳೆ. ನಾಡಿದ್ದು. ಎಂದೆಂದೂ. ಈ ಕತ್ತಲು. ಈ ತಳವಿಲ್ಲದ ಮಡಕೆ. ಮಸ್ಕತ್ತಿನ ಕಡಲು ಕಣ್ಣ ಮುಂದೆ ಬಂತು. ಕಾಲೇಜು. ಬೆಳಕು. ಬೆಳಕು.

“ಹೇಳಕ್ಕಾ.”

ಬಾಗಿಲು ಇನ್ನಷ್ಟು ಸರಿಯಿತು.

“ರಯ್ಯಾ,” ಎಂದಳು ರಯ್ಯಾ. “ನಿನ್ನ ಹೆಸರು ರಯ್ಯಾ.”

ಗಾಯಾ ಅವಳನ್ನು ನೋಡಿದಳು. ಆಳದಲ್ಲಿ ಎದ್ದು ನಿಂತದ್ದು ಮೆಲ್ಲಗೆ ಕೂತುಕೊಂಡಿತು.

“ಹೌದಾ?” ಎಂದಳು. “ಸರಿ ಹಾಗಾದ್ರೆ. ನೀನು ಹೇಳಿದ ಮೇಲೆ ಸರಿ.”

“ರಯ್ಯಾ!” ಎಂದು ಬಾಗಿಲಾಚೆಯ ದನಿ ಕರೆಯಿತು. ಅದರಲ್ಲಿ ನಗುವಿತ್ತು.

“ಬಂದೇ...” ಎನ್ನುತ್ತ ಗಾಯಾ ಎದ್ದಳು. ಅಕ್ಕನ ಕೈಯಿಂದ ತನ್ನ ಕೈಯನ್ನು ಮೃದುವಾಗಿ ಬಿಡಿಸಿಕೊಂಡು ಒಳಗೆ ಹೋದಳು.

ರಯ್ಯಾ ಹೊರಗೆ ಬಂದದ್ದು ಹೇಗೆಂದು ಅವಳಿಗೇ ತಿಳಿಯಲಿಲ್ಲ. ಯಾರೂ ಅಡ್ಡಗಟ್ಟಲಿಲ್ಲ, ಯಾರೂ ಅಟ್ಟಿಸಿಕೊಂಡು ಬರಲಿಲ್ಲ. ಅಟ್ಟಿಸಿಕೊಂಡು ಬಂದಿದ್ದರೆ ಎಷ್ಟೋ ವಾಸಿಯಿತ್ತು. ಕಾಲುವೆಯ ದಂಡೆಯಲ್ಲಿ ಕೂತು ಕೈ ತೊಳೆದಳು. ಪಾಕ ಬಿಟ್ಟಿತು. ಮತ್ತೆ ತೊಳೆದಳು. ಮತ್ತೆ.

ಮನೆಯಲ್ಲಿ ಉಮ್ಮ ಊಟದ ಚಾಪೆ ಹಾಸಿದ್ದಳು. ಅನ್ನದ ದೊಡ್ಡ ತಟ್ಟೆ, ಮೀನಿನ ಸಾರು, ಸುತ್ತ ಎಲ್ಲರಿಗೂ ಜಾಗ. ಗಾಯಾ ಕೂರುತ್ತಿದ್ದ ಕಡೆ ದಿಂಬನ್ನೂ ಇಟ್ಟಿದ್ದಳು. ಬಾಗಿಲಲ್ಲಿ ನಿಂತ ಮಗಳನ್ನು ನೋಡಿ, ಅವಳ ಬೆನ್ನ ಹಿಂದೆ ನೋಡಿದಳು. ಅಂಗಳ ಖಾಲಿ.

“ಅಲ್ಲಿ ಯಾರೂ ಇರಲಿಲ್ಲ ಉಮ್ಮಾ,” ಎಂದಳು ರಯ್ಯಾ. “ನಿನ್ನೆ ನನಗೆ ಬಿಸಿಲಿಗೆ ತಲೆ ತಿರುಗಿರಬೇಕು. ಗಾಯಾ ಸತ್ತಿದ್ದಾಳೆ.”

ಜುವೈನಾ ಬಹಳ ಹೊತ್ತು ಅವಳ ಮುಖ ನೋಡಿದಳು. ಸುಳ್ಳಿನ ಆ ಮುಖ ಅವಳಿಗೆ ಪರಿಚಯವಿತ್ತು. ಇಷ್ಟು ದಿನ ಅದನ್ನು ತಾನೇ ಹೊತ್ತಿದ್ದಳು.

“ಹೆಸರು ಕೇಳಿದಳಾ?”

ರಯ್ಯಾ ತಲೆ ಬಗ್ಗಿಸಿದಳು.

ಉಮ್ಮ ಎದ್ದು ಬಂದಳು. ಹೊಡೆಯುತ್ತಾಳೆ ಎಂದುಕೊಂಡಳು ರಯ್ಯಾ; ಹೊಡೆಯಲಿ ಎಂದು ಬೇಡಿಕೊಂಡಳು. ಜುವೈನಾ ಮಗಳ ಒದ್ದೆ ಕೈಗಳನ್ನು ತನ್ನ ತಲೆವಸ್ತ್ರದ ಅಂಚಿನಲ್ಲಿ ಒರೆಸಿದಳು, ಹಸುಗೂಸಿನ ಕೈ ಒರೆಸಿದಂತೆ, ಒಂದೊಂದೇ ಬೆರಳು. ಹುಟ್ಟಿದಾಗಿನಿಂದ ಆ ಸ್ಪರ್ಶಕ್ಕಾಗಿ ಹಂಬಲಿಸಿದ್ದವಳಿಗೆ ಅದು ಕೆಂಡದಂತೆ ತಾಗಿತು.

“ನಾನೂ ಅವಳಿಗೆ ಅದೇ ಹೆಸರು ಹೇಳಿ ಕಳಿಸಿದ್ದೆ,” ಎಂದಳು ಉಮ್ಮ. ಹಾಗೆಂದವಳೇ, ಮಗಳು ಸತ್ತ ಮೇಲೆ ಮೊದಲ ಸಲ ಗೊಳೋ ಎಂದು ಅತ್ತಳು. ಅಳು ಕೇಳಿ ನೆರೆಯ ಹೆಂಗಸರು ನಿದ್ದೆಯಿಂದೆದ್ದು ಬಂದರು, ಸದ್ಯ ಕಲ್ಲು ಕರಗಿತಲ್ಲ ಎಂದರು. ರಯ್ಯಾಳ ಹೆಗಲು ತಟ್ಟಿ, ಎಂಥ ಒಳ್ಳೇ ಮಗಳು, ಉಮ್ಮನಿಗೆ ಆಸರೆಯಾದಳು ಎಂದು ಹೊಗಳಿದರು.

ಅವಳು ತಲೆಯೆತ್ತದೆ ಆ ಹೊಗಳಿಕೆಯನ್ನೆಲ್ಲ ಸ್ವೀಕರಿಸಿದಳು.